ಕೋಟೆಯೊಳಗೆ ಸ್ನಾನ ಮಾಡಬೇಡಿ

ಚಳಿಗಾಲದ ರಜೆ ಹತ್ತಿರ ಬಂತೆಂದರೆ ನಮ್ಮಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಆಗ್ರಾ ಆಯ್ತು, ಜೈಪುರ ಆಯ್ತು, ಈ ಸಲ ಎಲ್ಲಿಗಪ್ಪಾ? ದಿಲ್ಲಿಯಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ಈಚೆಗೆ ಜೈಸಲ್ಮೇರಿನ ಹುಚ್ಚು ಹಿಡಿದಿದೆ. ಹಿಡಿಯಲಿ, ಒಳ್ಳೆಯ ಹುಚ್ಚೇ. ಆದರೆ ಹೋಗಿ ಬಂದವರನ್ನು ಕೂರಿಸಿಕೊಂಡು "ಏನೇನ್ ನೋಡಿದ್ರಿ?" ಅಂತ ಕೇಳಿ. ಎಲ್ಲರ ಬಾಯಲ್ಲೂ ಒಂದೇ ಪಟ್ಟಿ: ಕೋಟೆ, ಪಟ್ವಾಗಳ ಹವೇಲಿ, ಸಮ್ ಹಳ್ಳಿಯ ಮರಳುದಿಬ್ಬ, ಒಂಟೆ ಸವಾರಿ, ಸೂರ್ಯಾಸ್ತ. ಎಂಟುನೂರೈವತ್ತು ವರ್ಷ ಮೀರಿದ ಊರು ಎರಡು ಹಗಲು ಒಂದು ರಾತ್ರಿಯಲ್ಲಿ ಮುಗಿದುಹೋಯಿತು! ಊರು ಹೇಗಿತ್ತು ಅಂದರೆ "ಪೂರಾ ಹಳದಿ ಕಣೋ" ಅನ್ನುತ್ತಾರೆ. ಹಳದಿ ಎನ್ನುವುದು ನಿಜ. ಆದರೆ ಆ ಹಳದಿ ಕಲ್ಲನ್ನು ರೈಲ್ವೆ ಸ್ಟೇಷನ್ನಿನ ಗೋಡೆಯಲ್ಲೇ ನೋಡಿ, ಬಂದ ರೈಲಿನಲ್ಲೇ ವಾಪಸ್ಸು ಬರಬಹುದಿತ್ತಲ್ಲ?

ನನ್ನ ವಾದ ಇಷ್ಟೆ. ಜೈಸಲ್ಮೇರನ್ನು ಕಾಲ್ನಡಿಗೆಯಲ್ಲೇ ನೋಡಬೇಕು. ನಡೆಯುವಾಗ ನೀರಿನ ಜಾಡು ಹಿಡಿದು ನಡೆಯಬೇಕು. ರಾತ್ರಿ ಮಲಗುವುದಕ್ಕೆ, ಬೆಳಿಗ್ಗೆ ಮೀಯುವುದಕ್ಕೆ ಕೋಟೆಯಿಂದ ಇಳಿದು ಹೊರಗೆ ಬರಬೇಕು. ಮೂರನೆಯ ಮಾತು ಕೇಳಿದವರಿಗೆ ನಗು ಬಂದೀತು. ಮೊದಲೆರಡನ್ನು ಮಾಡಿದ ಮೇಲೆ ನಗು ತಾನಾಗಿಯೇ ನಿಲ್ಲುತ್ತದೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಊರು ದೊಡ್ಡದೇನಲ್ಲ. ಕೋಟೆಯ ಬಾಗಿಲಿನಿಂದ ಊರ ಕೆರೆ ಗಡೀಸರ್‌ಗೆ ಸುಮಾರು ಒಂದೂವರೆ ಕಿಲೋಮೀಟರು. ಹವೇಲಿಗಳೆಲ್ಲ ಕೋಟೆಯ ಬುಡದ ಓಣಿಗಳಲ್ಲೇ ಇವೆ. ಕರೋಲ್‌ಬಾಗಿನಲ್ಲಿ ಒಂದು ಸ್ವೆಟರಿಗೆ ಚೌಕಾಸಿ ಮಾಡುತ್ತಾ ನಾವು ಇದಕ್ಕಿಂತ ಹೆಚ್ಚು ನಡೆಯುತ್ತೇವೆ. ಆದರೂ ಸ್ಟೇಷನ್ನಿನಿಂದ ಹೊರಬಿದ್ದ ಕೂಡಲೇ ಆಟೋದವನು "ಇಷ್ಟು ಪಾಯಿಂಟು, ಇಷ್ಟು ರೂಪಾಯಿ" ಅನ್ನುತ್ತಾನೆ, ನಾವು ಹತ್ತಿ ಕೂತುಬಿಡುತ್ತೇವೆ. ಪಾಯಿಂಟಿಗೂ ಪಾಯಿಂಟಿಗೂ ನಡುವೆ ಊರು ಇದೆ ಎನ್ನುವುದು ಅಲ್ಲಿಗೇ ಮರೆತುಹೋಗುತ್ತದೆ. ಆ ಓಣಿಗಳು ಮನುಷ್ಯನ ಕಾಲಿಗೆ, ಒಂಟೆಯ ಕಾಲಿಗೆ ಅಂತ ಆದವು. ಎರಡೂ ಕಡೆ ಎತ್ತರದ ಮನೆಗಳು, ನಡುವೆ ಇಕ್ಕಟ್ಟು ದಾರಿ, ಹತ್ತು ಹೆಜ್ಜೆಗೊಂದು ತಿರುವು. ನಡುಹಗಲಲ್ಲೂ ಬಿಸಿಲು ಪೂರ್ತಿ ನೆಲಕ್ಕಿಳಿಯುವುದಿಲ್ಲ. ಝರೋಖಾ ಎಂದು ಫೋಟೋ ಹಿಡಿಯುತ್ತೇವಲ್ಲ, ಗೋಡೆಯಿಂದ ಹೊರಗೆ ಚಾಚಿದ ಆ ಕೆತ್ತನೆಯ ಕಿಟಕಿಗೂಡು, ಅದು ಒಳಗಿದ್ದವರಿಗೆ ಗಾಳಿ, ಕೆಳಗೆ ನಡೆಯುವವನಿಗೆ ನೆರಳು. ಇದು ಆಟೋದಲ್ಲಿ ಕೂತವನಿಗೆ ತಿಳಿಯುವ ಸಂಗತಿಯಲ್ಲ. ತಲೆಯ ಮೇಲೆ ಬಿಸಿಲು ಬಿದ್ದವನಿಗೆ ತಿಳಿಯುವುದು.

ನಡಿಗೆಯನ್ನು ಕೆರೆಯಿಂದ ಆರಂಭಿಸಿ. 1156ರಲ್ಲಿ ಭಾಟಿ ರಾಜಪೂತರ ರಾವಲ್ ಜೈಸಲ ತನ್ನ ಹಿಂದಿನ ರಾಜಧಾನಿ ಲೋದ್ರವಾವನ್ನು ಬಿಟ್ಟು ಬಂದು ತ್ರಿಕೂಟ ಬೆಟ್ಟದ ಮೇಲೆ ಕೋಟೆ ಹಾಕಿದ ಎಂದು ಚರಿತ್ರೆಯ ಪುಸ್ತಕ ಹೇಳುತ್ತದೆ. ಆದರೆ ಬರೀ ಕೋಟೆಯಿಂದ ಊರಾಗುತ್ತದೆಯೇ? ಇಲ್ಲಿಯ ವರ್ಷದ ಮಳೆ ಸರಾಸರಿ 200 ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ವಾರಕ್ಕೇ ಇದಕ್ಕಿಂತ ಹೆಚ್ಚು ಸುರಿದುಬಿಡುತ್ತದೆ. ಅಷ್ಟೇ ಅಷ್ಟು ಮಳೆಯನ್ನು ಹಿಡಿದಿಡಲು 14ನೆಯ ಶತಮಾನದಲ್ಲಿ ರಾವಲ್ ಗಡಸಿ ಸಿಂಗ್ ಈ ಕೆರೆಯನ್ನು ಕಟ್ಟಿಸಿದ. ಅವನ ಹೆಸರೇ ಕೆರೆಗೂ ಬಂತು. ಅಲ್ಲಿಂದ ಮುಂದೆ 1960ರ ದಶಕದವರೆಗೆ ಊರು ಮುಖ್ಯವಾಗಿ ಕುಡಿದದ್ದು ಇದರ ನೀರನ್ನು. ಆರು ಶತಮಾನ ಒಂದು ಕೆರೆಯ ನೀರು ಕುಡಿದು ಒಂದು ರಾಜಧಾನಿ ಬದುಕಿತು! ಧರ್ಮಾಂಬುಧಿ ಕೆರೆಯನ್ನು ಮುಚ್ಚಿ ಬಸ್ ಸ್ಟ್ಯಾಂಡು, ಸಂಪಂಗಿ ಕೆರೆಯನ್ನು ಮುಚ್ಚಿ ಸ್ಟೇಡಿಯಂ ಮಾಡಿಕೊಂಡ ಬೆಂಗಳೂರಿನ ಮಕ್ಕಳು ಇಲ್ಲಿ ಐದು ನಿಮಿಷ ಸುಮ್ಮನೆ ಕೂತರೂ ತಪ್ಪಿಲ್ಲ.

ಸಾಮಾನ್ಯವಾಗಿ ಜನ ಘಟ್ಟದ ಮೆಟ್ಟಿಲ ಮೇಲೆ ನಿಂತು, ನೀರಿನ ನಡುವಿನ ಛತ್ರಿಗಳ ಫೋಟೋ ತೆಗೆದು, ದೋಣಿಯಲ್ಲಿ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ದಂಡೆ ಹಿಡಿದು ಹಿಂಭಾಗಕ್ಕೆ ನಡೆಯಿರಿ. ಕೆರೆಗೆ ನೀರು ಹರಿದು ಬರುವ ಬಯಲನ್ನು ಅಲ್ಲಿಯವರು ಆಗೋರ್ ಎನ್ನುತ್ತಾರೆ. ಹಿಂದಿ ಲೇಖಕ ಅನುಪಮ್ ಮಿಶ್ರಾ 1993ರಲ್ಲಿ ಕೆರೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ಏರ್ಪಾಟನ್ನು ವಿವರವಾಗಿ ಹೇಳಿದ್ದಾರೆ. ಆಗೋರನ್ನು ಹೊಲಸು ಮಾಡುವಂತಿರಲಿಲ್ಲ. ಗಡೀಸರ್ ತುಂಬಿ ಕೋಡಿ ಬಿದ್ದರೆ ಆ ನೀರು ಮರಳು ಪಾಲಾಗುತ್ತಿರಲಿಲ್ಲ. ಕೆಳಗೆ ಇನ್ನೊಂದು ಕೆರೆ, ಅದು ತುಂಬಿದರೆ ಅದರ ಕೆಳಗೆ ಮತ್ತೊಂದು. ಗೋವಿಂದಸರ್, ಜೋಶಿಸರ್, ಗುಲಾಬ್‌ಸರ್ ಎಂದು ಹೀಗೆ ಹಾರದಂತೆ ಪೋಣಿಸಿದ ಕೆರೆಗಳು. ನಮ್ಮ ಬಯಲುಸೀಮೆಯ ಕೆರೆಕೋಡಿ ನೋಡಿ ಬೆಳೆದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಈಗ ಆಗೋರಿನ ಬಯಲಲ್ಲಿ ಕಟ್ಟಡಗಳೆದ್ದಿವೆ. ಗಡೀಸರ್ ಬತ್ತದಂತೆ ಇಂದಿರಾ ಗಾಂಧಿ ಕಾಲುವೆಯ ನೀರನ್ನು ಬಿಡುತ್ತಾರೆ. ಸರಪಳಿಯ ಕೆರೆಗಳನ್ನು ಕೇಳಿಕೊಂಡು ಹುಡುಕುತ್ತಾ ಹೋಗುವುದೇ ಒಂದು ಬೆಳಗಿನ ಕೆಲಸ. ಒಂದೆರಡು ಸಿಕ್ಕರೂ ಆ ಬೆಳಗು ಸಾರ್ಥಕ.

ಹೊರಡುವ ಮುಂಚೆ ಕೆರೆಯ ಬಾಗಿಲನ್ನು ಒಮ್ಮೆ ತಲೆಯೆತ್ತಿ ನೋಡಿ. ಟೀಲೋ ಎಂಬ ಗಣಿಕೆ ಕಟ್ಟಿಸಿದ್ದಂತೆ. ಅಂಥವಳು ಕಟ್ಟಿಸಿದ ಬಾಗಿಲಿನ ಕೆಳಗೆ ಅರಮನೆಯವರು ಹಾಯುವುದು ಹೇಗೆ ಎಂದು ತಕರಾರು ಎದ್ದಿತಂತೆ. ಅವಳು ಬಾಗಿಲಿನ ಮೇಲೊಂದು ಕೃಷ್ಣನ ಗುಡಿ ಕಟ್ಟಿಸಿಬಿಟ್ಟಳು. ಇನ್ನು ಕೆಡವುವ ಧೈರ್ಯ ಯಾರಿಗೆ? ಕಥೆಯಲ್ಲಿ ನಿಜವೆಷ್ಟೋ, ಬಾಗಿಲಂತೂ ಗಟ್ಟಿಯಾಗಿ ನಿಂತಿದೆ. ನಮ್ಮ ಚನ್ನಗಿರಿಯ ಸೂಳೆಕೆರೆಯ ಕಥೆ ಬಲ್ಲವರಿಗೆ ಇದು ಹೊಸದಾಗಿ ಕಾಣುವುದಿಲ್ಲ. ನೀರು ಎಲ್ಲರಿಗೂ ಬೇಕು. ನೀರಿಗೆ ದುಡ್ಡು ಹಾಕಿದ ಹೆಂಗಸಿನ ಹೆಸರು ಮಾತ್ರ ಕೊಂಕು ಮಾತಿನಲ್ಲೇ ಉಳಿಯಬೇಕು.

ಕೆರೆಯಿಂದ ಊರೊಳಕ್ಕೆ ಬನ್ನಿ. ಇಲ್ಲಿ ಹವೇಲಿಗಳ ಬಗ್ಗೆ ಹೆಚ್ಚು ಹೇಳಲಾರೆ, ಅವನ್ನು ಎಲ್ಲರೂ ತೋರಿಸುತ್ತಾರೆ. ಗುಮಾನ್ ಚಂದ್ ಪಟ್ವಾ 1805ರಲ್ಲಿ ಶುರುಮಾಡಿದ ಐದು ಹವೇಲಿಗಳು, 1885ರ ನಾಥ್‌ಮಲ್ ಹವೇಲಿ, ಎಲ್ಲ ಸರಿ. ನಾಥ್‌ಮಲ್ ಹವೇಲಿಯನ್ನು ಇಬ್ಬರು ಅಣ್ಣತಮ್ಮಂದಿರು ಎಡಕ್ಕೊಬ್ಬ ಬಲಕ್ಕೊಬ್ಬ ನಿಂತು ಕಟ್ಟಿದರೆಂದು ಹೇಳುತ್ತಾರೆ. ಎರಡು ಬದಿಯ ಕೆತ್ತನೆಯಲ್ಲಿ ವ್ಯತ್ಯಾಸ ಹುಡುಕುವುದು ಒಳ್ಳೆಯ ಆಟ. ನೋಡಿದ ಮೇಲೆ ಪಕ್ಕದ ಓಣಿಗೆ ಹೊರಳಿ. ಹೆಸರಿಲ್ಲದ ಮನೆಗಳ ಮುಂದೆ ಕಲ್ಲಿನ ಜಗಲಿ, ಜಗಲಿಯ ಮೇಲೆ ಮುದುಕರು. ಬಾಗಿಲ ಪಕ್ಕದ ಗೋಡೆಯಲ್ಲಿ ಬಣ್ಣದ ಗಣಪತಿ, ಅವನ ಕೆಳಗೆ ಗಂಡು ಹೆಣ್ಣಿನ ಹೆಸರು, ಮದುವೆಯ ತಾರೀಖು. ಮನೆಯಲ್ಲಿ ಮದುವೆಯಾದರೆ ಹೀಗೆ ಗೋಡೆಯ ಮೇಲೆ ಬರೆಸುತ್ತಾರೆ. ಲಗ್ನಪತ್ರಿಕೆ ಊರಿಗೆಲ್ಲ ಹಂಚಿದ ಹಾಗೆ! ಮಳೆ ಕಡಿಮೆಯಾದ್ದರಿಂದ ಅಳಿಸಿಹೋಗುವುದೂ ನಿಧಾನ. ಒಂದು ಓಣಿಯಲ್ಲಿ ನಡೆದರೆ ಎಷ್ಟೋ ವರ್ಷದ ಮದುವೆಗಳನ್ನು ಓದಿಕೊಂಡು ಹೋಗಬಹುದು. ಯಾವ ಗೈಡೂ ಇದಕ್ಕೆ ಟಿಕೇಟು ಕೇಳುವುದಿಲ್ಲ. ಓಣಿಗಳಿಗೆ ಪಾಡಾ ಎನ್ನುತ್ತಾರೆ, ಹಲವಕ್ಕೆ ಜಾತಿಯ ಹೆಸರೇ ಹೆಸರು. ಅದೂ ಊರಿನ ಚರಿತ್ರೆಯೇ, ಅದನ್ನೂ ಓದಿ.

ಈ ಸಿರಿ ಬಂದದ್ದು ಸಿಂಧ್ ಕಡೆಗೆ ಹೋಗಿಬರುತ್ತಿದ್ದ ಒಂಟೆಗಳ ಸಾಲಿನಿಂದ. ಮುಂಬಯಿ ಬಂದರು ಬೆಳೆದ ಹಾಗೆ ವ್ಯಾಪಾರ ಅತ್ತ ಸರಿಯಿತು. 1947ರಲ್ಲಿ ಗಡಿ ಬಿದ್ದು ದಾರಿಯೇ ಕಡಿದುಹೋಯಿತು. ಸಾಹುಕಾರರು ಊರು ಬಿಟ್ಟರು. ಆಮೇಲೆ 1965, 1971ರ ಯುದ್ಧಗಳ ದೆಸೆಯಿಂದ ಗಡಿಯ ಊರೆಂದು ಇದಕ್ಕೆ ಮಹತ್ವ ಬಂತು, ರಸ್ತೆ ರೈಲು ಬಂದವು. 1974ರಲ್ಲಿ ಸತ್ಯಜಿತ್ ರೇ ತಮ್ಮ 'ಸೋನಾರ್ ಕೆಲ್ಲಾ' ಚಿತ್ರದಲ್ಲಿ ಈ ಕೋಟೆಯನ್ನು ತೋರಿಸಿದ ಮೇಲೆ ಬಂಗಾಳದ ಜನ ಬರತೊಡಗಿದರು. ಅವರ ಹಿಂದೆ ಉಳಿದವರು, ಎಲ್ಲರ ಹಿಂದೆ ನಾವು. ಒಂಟೆಸಾಲು ನಿಂತಲ್ಲಿಗೆ ಪ್ರವಾಸಿಗರ ಸಾಲು ಬಂದಿದೆ. ಈ ಹೊಸ ಸಾಲು ಊರಿಗೆ ಹಣ ತರುತ್ತದೆ, ಜೊತೆಗೆ ಏನು ಕೇಳುತ್ತದೆ ಎನ್ನುವುದು ಕೋಟೆ ಹತ್ತಿದ ಮೇಲೆ ಗೊತ್ತಾಗುತ್ತದೆ.

ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್ ಎಂದು ನಾಲ್ಕು ಬಾಗಿಲು ದಾಟಿ ಮೇಲಿನ ಚೌಕಕ್ಕೆ ಬರುತ್ತೀರಿ. ಇದು ಪಾಳುಬಿದ್ದ ಕೋಟೆಯಲ್ಲ, ಒಳಗೆ ಇವತ್ತಿಗೂ ಸಾವಿರಾರು ಜನ ಸಂಸಾರ ಹೂಡಿದ್ದಾರೆ. ಎಲ್ಲರೂ ತಲೆಯೆತ್ತಿ ಕೆತ್ತನೆ ನೋಡುವಾಗ ನೀವು ತಲೆ ತಗ್ಗಿಸಿ ಚರಂಡಿ ನೋಡಿ. ಹೌದು, ಚರಂಡಿ. ಹಳಬರು ಘುಟ್ ನಾಲಿ ಎಂಬ ಏರ್ಪಾಟು ಮಾಡಿದ್ದರು. ಮಳೆನೀರು ಒಂದು ಕ್ಷಣವೂ ಕೋಟೆಯೊಳಗೆ ನಿಲ್ಲದಂತೆ ನಾಲ್ಕೂ ದಿಕ್ಕಿಗೆ ಹೊರಹಾಕುವ ದಾರಿ ಅದು. ಹನಿ ಹನಿಗೂ ಬಾಯಿ ಬಿಡುವ ಊರು ಕೋಟೆಯ ಮೇಲೆ ಬಿದ್ದ ನೀರನ್ನು ಓಡಿಸುತ್ತಿತ್ತು ಅಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ?

ಕಾರಣ ಕಾಲ ಕೆಳಗಿದೆ. ಚಿತ್ರದುರ್ಗದ ಬಂಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬೆಟ್ಟವನ್ನು ನೋಡಬಾರದು. ಇದು ಮರಳುಗಲ್ಲು, ಜೇಡಿ ಪದರಗಳ ಮೆತ್ತನೆಯ ಬೆಟ್ಟ. ಒಣಗಿರುವವರೆಗೆ ಗಟ್ಟಿ, ನೀರು ಕುಡಿದರೆ ಕುಸಿಯುವ ಜಾತಿ. ಅದರ ಮೇಲೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಎಬ್ಬಿಸಿದ ಗೋಡೆ, 99 ಬುರುಜು, ಮಣ್ಣಿನ ಮಾಳಿಗೆಯ ಮನೆಗಳು. ಕೆಳಗಿನಿಂದ ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದಲ್ಲಿ ಒಂದು ಕೊಡ ಖರ್ಚಾಗುವುದಕ್ಕೆ ಮುಂಚೆ ನಾಲ್ಕು ಸಲ ಯೋಚನೆ ಮಾಡುತ್ತಿದ್ದರು. ಬೆಟ್ಟಕ್ಕೆ ಇಂಗಲು ನೀರೇ ಉಳಿಯುತ್ತಿರಲಿಲ್ಲ. ನಲ್ಲಿ ಬಂತು. ನಲ್ಲಿಯ ಹಿಂದೆ ಗೆಸ್ಟ್‌ಹೌಸು, ಗೆಸ್ಟ್‌ಹೌಸಿನಲ್ಲಿ ರೂಮಿಗೊಂದು ಬಚ್ಚಲು, ಬಚ್ಚಲಿಗೊಂದು ಕಮೋಡು ಬಂತು. ಹೊಸ ಕೊಳವೆಗಳು ಸೋರಿದವು. ಸೋರಿದ್ದು ಬೆಟ್ಟದೊಳಕ್ಕೆ ಇಳಿಯಿತು.

ಆದದ್ದು ಏನು? ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯಲ್ಲಿ ಜೈಸಲ್ಮೇರ್ ಕೋಟೆಯನ್ನು 1996, 1998, 2000ದಲ್ಲಿ ಮೂರು ಸಲ ಸೇರಿಸಿತು. 1998ರಲ್ಲಿ ಹೊರಗೋಡೆಯ ಒಂದು ಭಾಗ ಕುಸಿದು ಜನ ಸತ್ತರು. 2013ರಲ್ಲಿ ರಾಜಸ್ಥಾನದ ಇನ್ನೈದು ಗಿರಿದುರ್ಗಗಳ ಜೊತೆಗೆ ಇದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಗೋಡೆ ಗಟ್ಟಿಯಾಗುವುದಿಲ್ಲವಲ್ಲ; 2024ರ ಆಗಸ್ಟಿನ ಮಳೆಗೆ ಮತ್ತೊಂದು ಕಡೆ ಗೋಡೆ ಜಾರಿತು. ಮುತ್ತಿಗೆಗಳಿಗೆ, ಮರಳುಗಾಳಿಗೆ ಜಗ್ಗದ ಕೋಟೆ ಬಚ್ಚಲುನೀರಿಗೆ ಜಗ್ಗುತ್ತಿದೆ.

ಕನ್ನಡ ಓದುವವರಿಗೆ ಇಲ್ಲಿ ಇನ್ನೂ ಒಂದು ಬಾಬತ್ತಿದೆ. ಕೋಟೆಯ ಒಳಗೆ ಏಳು ಜೈನ ದೇವಾಲಯಗಳಿವೆ. ಸಂಭವನಾಥ ದೇವಾಲಯದ ಕೆಳಗೆ 15ನೆಯ ಶತಮಾನದಲ್ಲಿ ಜಿನಭದ್ರಸೂರಿ ಸ್ಥಾಪಿಸಿದ ಜ್ಞಾನಭಂಡಾರ. ತಾಳೆಗರಿಯ ಪ್ರತಿಗಳಿಗೆ ಇದು ದೇಶದಲ್ಲೇ ಹೆಸರಾದ ಜಾಗ. ಉದ್ದ್ಯೋತನ ಸೂರಿ ಕ್ರಿ.ಶ. 779ರಲ್ಲಿ ಬರೆದು ಮುಗಿಸಿದ 'ಕುವಲಯಮಾಲಾ' ಎಂಬ ಪ್ರಾಕೃತ ಕಾವ್ಯ ನಮಗೆ ದಕ್ಕಿರುವುದು ಎರಡೇ ಎರಡು ಹಳೆಯ ಪ್ರತಿಗಳಿಂದ. ಅವುಗಳಲ್ಲಿ ತಾಳೆಗರಿಯ ಪ್ರತಿ ಈ ಜೈಸಲ್ಮೇರಿನದು. ಅದನ್ನು ಸಂಪಾದಿಸಿ ಅಚ್ಚಿಗೆ ಕೊಟ್ಟವರು ಯಾರು ಗೊತ್ತೇ? ನಮ್ಮ ಬೆಳಗಾವಿ ಜಿಲ್ಲೆಯ ಸದಲಗದ ಆ. ನೇ. ಉಪಾಧ್ಯೆ, 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ದೇಶದೇಶದ ವ್ಯಾಪಾರಿಗಳು ತಮ್ಮ ತಮ್ಮ ನುಡಿಯಾಡುವ ಸಂತೆಯ ಚಿತ್ರ ಆ ಕಾವ್ಯದಲ್ಲಿದೆ, ಕರ್ಣಾಟಕದವನೂ ಆ ಸಂತೆಯಲ್ಲಿದ್ದಾನೆ. ಕರಾವಳಿಯ ತೇವದಲ್ಲಿ ಮೂಡುಬಿದಿರೆಯವರು ಧವಲಾ ಗ್ರಂಥಗಳ ಗರಿಗಳನ್ನು ಎಷ್ಟು ಪಾಡುಪಟ್ಟು ಉಳಿಸಿಕೊಂಡರೆಂದು ಬಲ್ಲವರಿಗೆ ಜೈಸಲ್ಮೇರಿನ ಒಣಹವೆ ಎಂಥ ಭಾಗ್ಯವೆಂದು ಗೊತ್ತಾಗುತ್ತದೆ. ಆ ಗರಿಗಳಿರುವ ನೆಲಮಾಳಿಗೆಯ ಸುತ್ತಲ ಬೆಟ್ಟಕ್ಕೇ ನಾವು ನೀರು ಕುಡಿಸುತ್ತಿದ್ದೇವೆ!

ಇಷ್ಟು ಹೇಳಿದರೆ ಎರಡು ಪ್ರಶ್ನೆ ಏಳುತ್ತವೆ. ಒಂದು: "ಅಲ್ಲಯ್ಯಾ, ಅಲ್ಲಿಯ ಹೆಂಗಸರು ಈಗಲೂ ಗಡೀಸರ್‌ನಿಂದ ಕೊಡ ಹೊತ್ತು ಬೆಟ್ಟ ಹತ್ತಬೇಕಂತೀಯಾ?" ಖಂಡಿತ ಅಲ್ಲ. ಹಳೆಯ ಕಾಲದ ಮಿತವ್ಯಯವನ್ನು ಹೊಗಳುವಾಗ ಆ ಮಿತವ್ಯಯ ಯಾರ ನೆತ್ತಿಯ ಮೇಲೆ ಕೂತಿತ್ತು ಎನ್ನುವುದನ್ನು ಮರೆಯಬಾರದು. ಕೋಟೆಯಲ್ಲಿ ಹುಟ್ಟಿ ಬೆಳೆದವಳ ಮನೆಗೆ ನಲ್ಲಿ ಬೇಕು, ಒಳ್ಳೆಯ ಚರಂಡಿಯೂ ಬೇಕು. ಅದು ಅವಳ ಹಕ್ಕು, ಸೋರದ ಕೊಳವೆ ಹಾಕಿಕೊಡುವುದು ಸರ್ಕಾರದ ಕರ್ತವ್ಯ. ಅವಳ ಹಕ್ಕಿನ ನೆರಳಿನಲ್ಲಿ ನಾನು ಎರಡು ದಿನದ ನೆಂಟ ಹೋಗಿ ಎರಡು ಹೊತ್ತು ಶವರ್ ಬಿಟ್ಟುಕೊಳ್ಳುವುದು ಬೇರೆ ಮಾತು. ಅವಳಿಗೆ ಬೇರೆ ಮನೆಯಿಲ್ಲ, ನನಗೆ ಕೆಳಗೆ ಬೇಕಾದಷ್ಟು ರೂಮುಗಳಿವೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು: "ಗೆಸ್ಟ್‌ಹೌಸಿನವನ ಹೊಟ್ಟೆಯ ಮೇಲೆ ಹೊಡೆಯಬೇಕೇ?" ಒಂಟೆಸಾಲು ನಿಂತ ಮೇಲೆ ಆ ಜನ ಎಷ್ಟು ವರ್ಷ ಕಷ್ಟಪಟ್ಟರೋ ನಾವು ಕಂಡವರಲ್ಲ. ಕೋಟೆಯೊಳಗಿನ ಒಂದು ರೂಮಿನ ಬಾಡಿಗೆಯಿಂದ ಒಂದು ಸಂಸಾರ ನಡೆಯುತ್ತಿರಬಹುದು. ಅದನ್ನು ದಿಲ್ಲಿಯಲ್ಲಿ ಕೂತು ಹಗುರವಾಗಿ ತಳ್ಳಿಹಾಕುವುದು ಸಲ್ಲ. ಅದಕ್ಕೇ ನಾನು ಕೋಟೆಗೆ ಕಾಲಿಡಬೇಡಿ ಅನ್ನುತ್ತಿಲ್ಲ. ಕೋಟೆಯೊಳಗೆ ಊಟ ಮಾಡಿ, ಚಹಾ ಕುಡಿಯಿರಿ, ಅಲ್ಲಿಯ ಹುಡುಗನನ್ನೇ ದಾರಿ ತೋರಿಸಲು ಕರೆದುಕೊಳ್ಳಿ, ಅಮ್ಮನಿಗೆ ಅಲ್ಲಿಂದಲೇ ಒಂದು ಕಸೂತಿ ಬಟ್ಟೆ ಕೊಳ್ಳಿ. ದುಡ್ಡು ಮೇಲೇ ಖರ್ಚಾಗಲಿ, ನೀರು ಕೆಳಗೆ ಖರ್ಚಾಗಲಿ. ಕೋಟೆಯಿಂದ ಹೊರಬಂದು ಕೆಳಗೆ ರೂಮು ಕಟ್ಟಿಸಿಕೊಂಡವರೂ ಇದ್ದಾರೆ. ಗಿರಾಕಿ ಎತ್ತ ಹೋಗುತ್ತಾನೋ ರೂಮು ಅತ್ತ ಹೋಗುತ್ತದೆ. ನಮ್ಮ ಹತ್ತು ಜನರ ತಂಡದಿಂದ ಕೋಟೆ ಉಳಿಯುತ್ತದೆಯೇ ಎಂದು ಕೇಳಿದರೆ, ಉಳಿಯುವುದಿಲ್ಲ. ಆದರೆ ಪ್ರತಿ ಚಳಿಗಾಲಕ್ಕೂ ಇಂಥ ಎಷ್ಟು ತಂಡ ಹತ್ತಿ ಇಳಿಯುತ್ತವೆ ಲೆಕ್ಕ ಹಾಕಿ ನೋಡಿ.

ಮೂರನೆಯ ದಿನ ಸಮ್‌ಗೆ ಓಡಬೇಡಿ. ಊರಿನಿಂದ ಆರೇಳು ಕಿಲೋಮೀಟರು ಅಮರ್‌ಸಾಗರಕ್ಕೆ ನಸುಕಿನಲ್ಲೇ ನಡೆದುಬಿಡಿ. ಅದೊಂದು ಕೆರೆ, ಬೇಸಗೆಯಲ್ಲಿ ಒಣಗುತ್ತದೆ. ಆದರೆ ಕೆರೆಯ ಒಡಲಲ್ಲೇ ಬಾವಿಗಳನ್ನು ತೋಡಿಟ್ಟಿದ್ದಾರೆ. ಮೇಲಿನ ನೀರು ಆರಿದ ಮೇಲೆ ಇಂಗಿದ ನೀರನ್ನು ಆ ಬಾವಿಗಳಿಂದ ಎತ್ತುವುದು. ಇದಕ್ಕಿಂತ ಚೆಂದದ ಲೆಕ್ಕ ನಾನು ಯಾವ ಇಂಜಿನಿಯರಿಂಗ್ ಪುಸ್ತಕದಲ್ಲೂ ನೋಡಿಲ್ಲ. ಕಾಲಲ್ಲಿ ಕಸುವಿದ್ದರೆ ಇನ್ನೊಂದು ದಿನ ಬಡಾ ಬಾಗ್‌ಗೆ ಹೋಗಿ. ರಾಜರ ಸಮಾಧಿ ಛತ್ರಿಗಳ ಹಿಂದೆ ಗಾಳಿ ವಿದ್ಯುತ್ತಿನ ಬಿಳಿ ರೆಕ್ಕೆಗಳು ತಿರುಗುತ್ತಿರುತ್ತವೆ. ಕುಲ್‌ಧರಾ ನಡೆದು ಹೋಗುವ ದೂರವಲ್ಲ, ವಾಹನ ಬೇಕು. ದಾರಿಯುದ್ದಕ್ಕೂ ಡ್ರೈವರು ದೆವ್ವದ ಕಥೆ ಹೇಳುತ್ತಾನೆ. ಕೇಳಿ, ತಪ್ಪಿಲ್ಲ. ಆದರೆ ಆ ಹಳ್ಳಿ ಬಿಟ್ಟುಹೋದ ಪಾಲೀವಾಲ ಬ್ರಾಹ್ಮಣರು ದೆವ್ವಗಳಿಗಿಂತ ದೊಡ್ಡ ವಿದ್ಯೆ ಬಲ್ಲವರಾಗಿದ್ದರು. ಖಡೀನ್ ಎಂಬ ಮಣ್ಣಿನ ಒಡ್ಡು ಹಾಕಿ, ಸುತ್ತಲಿನ ಕಲ್ಲುನೆಲದ ಮೇಲೆ ಬಿದ್ದ ಮಳೆಯನ್ನೆಲ್ಲ ಒಂದು ಹೊಲಕ್ಕೆ ತಂದು ಇಂಗಿಸಿ, ಆ ಹಸಿಯಲ್ಲೇ ಮರುಭೂಮಿಯಲ್ಲಿ ಗೋಧಿ ಕಡಲೆ ಬೆಳೆಯುತ್ತಿದ್ದರು. ದೆವ್ವ ಎಲ್ಲಿ ಕಂಡಿತೆಂದು ಕೇಳುವ ಬದಲು ಖಡೀನ್ ಎಲ್ಲಿದೆ ಎಂದು ಕೇಳಿ. ಜಿಲ್ಲೆಯಲ್ಲಿ ಇನ್ನೂ ಉಳುಮೆಯಾಗುವ ಖಡೀನುಗಳಿವೆ.

ಕೊನೆಗೆ ನಾಲ್ಕು ಉಪಯೋಗದ ಮಾತು. ಅಕ್ಟೋಬರಿನಿಂದ ಮಾರ್ಚಿನೊಳಗೆ ಹೋಗಿ. ಮೇ ತಿಂಗಳಲ್ಲಿ ನಡೆಯುತ್ತೇನೆಂದು ಶೂರತನ ತೋರಿಸಬೇಡಿ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನ ಜಗಲಿ ಸಿಕ್ಕಲ್ಲಿ ಕೂತು ಮಾತಾಡಿಸಿ, ಸಂಜೆ ಮತ್ತೆ ನಡೆಯಿರಿ. ನಮ್ಮ ಅರೆಬರೆ ಹಿಂದಿ ಅಲ್ಲಿ ಸಾಕಾಗುತ್ತದೆ. ಮನೆಯೊಳಕ್ಕೆ ಇಣುಕುವ ಮುಂಚೆ, ಹೆಂಗಸರ ಫೋಟೋ ತೆಗೆಯುವ ಮುಂಚೆ ಕೇಳಿ. ಐದಾರು ಜನರಿಗಿಂತ ಹೆಚ್ಚು ಒಟ್ಟಿಗೆ ನಡೆಯಬೇಡಿ, ಓಣಿಯಲ್ಲಿ ಸಂತೆಯಾಗುತ್ತದೆ.

ನಮ್ಮ ಸಂಘಕ್ಕೆ ನನ್ನದೊಂದು ಸೂಚನೆ. ಈ ಸಲ ಜೈಸಲ್ಮೇರಿಗೆ ಹೋಗುವ ತಂಡ ಕೋಟೆಯ ಹೊರಗೆ ಇಳಿದುಕೊಳ್ಳಲಿ ಎಂದು ಮೊದಲೇ ಠರಾವು ಮಾಡೋಣ. ಹೋದವರು ಒಬ್ಬೊಬ್ಬರೂ ಕೈಯಲ್ಲಿ ಬಿಡಿಸಿದ ಒಂದು ನಕ್ಷೆ ತರಲಿ: ಕೆರೆ ಎಲ್ಲಿ, ಕೋಡಿ ಎಲ್ಲಿ, ಬಾವಿ ಎಲ್ಲಿ, ಕೋಟೆಯ ನಾಲಿ ಎತ್ತ ಬೀಳುತ್ತದೆ. ಚೆನ್ನಾಗಿರುವುದನ್ನು ಈ ಪತ್ರಿಕೆಯ ಮುಂದಿನ ಸಂಚಿಕೆಗೆ ಸ್ಟೆನ್ಸಿಲ್ ಕೊರೆದು ಹಾಕೋಣ. ಫೋಟೋ ಅಚ್ಚು ಹಾಕುವ ಯೋಗ್ಯತೆ ನಮ್ಮ ಮೆಷಿನ್ನಿಗಿಲ್ಲ, ಗೆರೆ ಹಾಕಿದ ನಕ್ಷೆ ಚೆನ್ನಾಗಿಯೇ ಮೂಡುತ್ತದೆ. ಕೋಟೆಯ ಮೇಲೇ ಮಲಗಬೇಕು, ಬುರುಜಿನ ಕಿಟಕಿಯಿಂದಲೇ ಸೂರ್ಯೋದಯ ನೋಡಬೇಕು ಎಂದು ಹಟ ಹಿಡಿಯುವವರು ಇದ್ದರೆ ಅವರೂ ತಮ್ಮ ವಾದವನ್ನು ಬರೆದು ಸಂಪಾದಕರಿಗೆ ಕೊಡಲಿ. ನಾನು ಉತ್ತರ ಕೊಡಲು ತಯಾರಿದ್ದೇನೆ.